‘ಲಗೇಜ್ ನೇರ ಮಂಗಳೂರಿಗೇ ಬರುತ್ತೆ’ ಎಂಬ ಮಾತು ಎಷ್ಟು ನಿಜ? ವಿದೇಶದಿಂದ ಬಂದು ದೇಶೀಯ ವಿಮಾನ ಹಿಡಿಯುವವರು ತಿಳಿದಿರಬೇಕಾದ ವಿಷಯಗಳು

ಹೇಳಿಕೆ: ವಿದೇಶದಿಂದ ಬರುವಾಗ ಚೆಕ್-ಇನ್ ಬ್ಯಾಗ್‌ಗೆ ಕೊನೆಯ ಊರಿನ ಟ್ಯಾಗ್ ಹಾಕಿದ್ದರೆ ಸಾಕು. ನಡುವೆ ಬೆಂಗಳೂರು ಅಥವಾ ಮುಂಬೈಯಲ್ಲಿ ಅದನ್ನು ತೆಗೆದುಕೊಳ್ಳುವ ಅಗತ್ಯವಿಲ್ಲ.

ವಾಸ್ತವ: ಸಾಮಾನ್ಯವಾಗಿ ಇದು ತಪ್ಪು. ಟ್ಯಾಗ್ ಮೇಲೆ ಯಾವ ಊರಿನ ಹೆಸರೇ ಇರಲಿ, ಭಾರತದಲ್ಲಿ ನೀವು ಮೊದಲು ಇಳಿಯುವ ವಿಮಾನ ನಿಲ್ದಾಣದಲ್ಲಿಯೇ ಇಮಿಗ್ರೇಷನ್ ಮುಗಿಸಬೇಕು. ಅಲ್ಲಿಯೇ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ದೇಶೀಯ ವಿಮಾನಕ್ಕೆ ಮತ್ತೆ ಕೊಡಬೇಕು.

ದುಬೈ, ದೋಹಾ, ದಮಾಮ್, ಕುವೈತ್‌ಗಳಲ್ಲಿ ಕೆಲಸ ಮಾಡುವ ಕರಾವಳಿಯವರಿಗೆ ಮಂಗಳೂರಿಗೆ ನೇರ ವಿಮಾನ ಎಲ್ಲ ದಿನವೂ, ಎಲ್ಲ ಊರಿನಿಂದಲೂ ಸಿಗುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಶಿವಮೊಗ್ಗದವರಿಗಂತೂ ಆ ಆಯ್ಕೆಯೇ ಇಲ್ಲ. ಅಮೆರಿಕ, ಯುರೋಪ್‌ನಲ್ಲಿರುವ ಮಕ್ಕಳನ್ನು ನೋಡಿ ಬರುವ ಅಪ್ಪ-ಅಮ್ಮಂದಿರದೂ ಇದೇ ಕಥೆ. ಇವರೆಲ್ಲ ದೊಡ್ಡ ನಿಲ್ದಾಣವೊಂದರಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯಬೇಕು. ಅಲ್ಲಿ ‘ಬ್ಯಾಗ್ ತಾನಾಗಿಯೇ ಬರುತ್ತೆ’ ಎಂದು ನಂಬಿ ಮುಂದೆ ನಡೆದರೆ ಬ್ಯಾಗ್ ಬೆಲ್ಟ್ ಮೇಲೆ ಸುತ್ತುತ್ತಲೇ ಇರುತ್ತದೆ. ನೀವು ಊರು ಮುಟ್ಟುತ್ತೀರಿ, ಬ್ಯಾಗ್ ಮುಟ್ಟುವುದಿಲ್ಲ.

ಈ ನಂಬಿಕೆ ಬಂದದ್ದು ಎಲ್ಲಿಂದ?

ಈ ಮಾತು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಅನುಭವ ಹೋಗುವಾಗಿನದು, ಬರುವಾಗಿನದಲ್ಲ.

ಮಂಗಳೂರಿನಿಂದ ಬೆಂಗಳೂರು ಮೂಲಕ ವಿದೇಶಕ್ಕೆ ಒಂದೇ ಟಿಕೆಟ್‌ನಲ್ಲಿ ಹೋಗುವಾಗ, ಮಂಗಳೂರಿನ ಕೌಂಟರ್‌ನಲ್ಲಿ ಕೊಟ್ಟ ಬ್ಯಾಗ್ ಬಹಳ ಸಲ ನೇರವಾಗಿ ವಿದೇಶದ ನಿಲ್ದಾಣದಲ್ಲೇ ಕೈಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಪ್ರಯಾಣಿಕರು ಇಮಿಗ್ರೇಷನ್ ಮುಗಿಸಿದರೆ ಆಯಿತು. ಬ್ಯಾಗ್ ಒಳಗಿನಿಂದಲೇ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದೇ ಅನುಭವ ಬರುವಾಗಲೂ ಸಿಗುತ್ತದೆ ಎಂದು ಜನ ಅಂದುಕೊಳ್ಳುವುದು ಸಹಜ.

ಇನ್ನೊಂದು ಕಾರಣ ಟ್ಯಾಗ್. ದುಬೈ ಕೌಂಟರ್‌ನಲ್ಲಿ ಅಂಟಿಸುವ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಐಎಕ್ಸ್‌ಇ ಎಂದಿರುತ್ತದೆ. ಅದು ಮಂಗಳೂರಿನ ಕೋಡ್. ಕೆಳಗೆ ಸಣ್ಣದಾಗಿ ಬಿಎಲ್‌ಆರ್, ಅಂದರೆ ಬೆಂಗಳೂರು. ದೊಡ್ಡ ಅಕ್ಷರ ನೋಡಿ ನಿಶ್ಚಿಂತರಾಗುತ್ತೇವೆ. ಆ ಟ್ಯಾಗ್ ಹೇಳುವುದು ಬ್ಯಾಗ್ ಕೊನೆಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ. ನಡುವೆ ಕಸ್ಟಮ್ಸ್ ಬೇಡ ಎಂದು ಅದು ಹೇಳುವುದಿಲ್ಲ.

ಮೊದಲ ನಿಲ್ದಾಣದಲ್ಲೇ ಏಕೆ?

ರಸ್ತೆಯಲ್ಲಿ ಬಂದರೆ ದೇಶದ ಗಡಿ ಕಣ್ಣಿಗೆ ಕಾಣುತ್ತದೆ. ವಿಮಾನದಲ್ಲಿ ಬಂದವರಿಗೆ ಗಡಿ ಎಂದರೆ ಮೊದಲು ಇಳಿಯುವ ನಿಲ್ದಾಣದ ಇಮಿಗ್ರೇಷನ್ ಕೌಂಟರ್ ಮತ್ತು ಕಸ್ಟಮ್ಸ್ ಬಾಗಿಲು. ಅದನ್ನು ದಾಟಿದ ಮೇಲೆ ನೀವು ಹತ್ತುವ ವಿಮಾನ ದೇಶದ ಒಳಗಿನದು.

ಹುಬ್ಬಳ್ಳಿ ಅಥವಾ ಕಲಬುರಗಿ ನಿಲ್ದಾಣವನ್ನು ನೆನಪಿಸಿಕೊಳ್ಳಿ. ಅಲ್ಲಿಗೆ ವಿದೇಶಿ ವಿಮಾನಗಳೇ ಬರುವುದಿಲ್ಲ, ಹಾಗಾಗಿ ವಿದೇಶದಿಂದ ಬಂದವರ ಸಾಮಾನು ನೋಡುವ ವ್ಯವಸ್ಥೆಯೂ ಇಲ್ಲ. ಕರ್ನಾಟಕದಲ್ಲಿ ಪ್ರಯಾಣಿಕರ ವಿದೇಶಿ ವಿಮಾನಗಳು ಬರುವುದು ಬೆಂಗಳೂರು ಮತ್ತು ಮಂಗಳೂರಿಗೆ ಮಾತ್ರ. ಬೆಂಗಳೂರಿನಲ್ಲಿ ತಪಾಸಣೆಯಾಗದೆ ಬ್ಯಾಗ್ ಹುಬ್ಬಳ್ಳಿಗೆ ಹೋದರೆ ಅದನ್ನು ನೋಡುವವರೇ ಇರುವುದಿಲ್ಲ.

‘ಮಂಗಳೂರಿನಲ್ಲಿ ಕಸ್ಟಮ್ಸ್ ಇದೆಯಲ್ಲ, ಅಲ್ಲೇ ನೋಡಲಿ’ ಎಂದು ಕೇಳಬಹುದು. ಆದರೆ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ವಿಮಾನ ದೇಶೀಯ ವಿಮಾನ. ಅದರ ಬ್ಯಾಗ್‌ಗಳು ದೇಶೀಯ ಬೆಲ್ಟ್‌ಗೆ ಬರುತ್ತವೆ. ಅದರಲ್ಲಿ ಬಂದವರೆಲ್ಲ ಕಸ್ಟಮ್ಸ್ ಕಡೆ ತಿರುಗದೆ ನೇರ ಹೊರಗೆ ನಡೆಯುತ್ತಾರೆ.

ಜೊತೆಗೆ 1962ರ ಕಸ್ಟಮ್ಸ್ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ಬ್ಯಾಗ್‌ನಲ್ಲಿ ಏನಿದೆ ಎಂದು ಘೋಷಿಸಬೇಕಾದವರು ಅದರ ಮಾಲೀಕರು. ಆದ್ದರಿಂದ ಬ್ಯಾಗ್ ಮತ್ತು ಮಾಲೀಕ ಇಬ್ಬರೂ ಕಸ್ಟಮ್ಸ್ ಮುಂದೆ ಒಟ್ಟಿಗೆ ಇರಬೇಕು.

ಬ್ಯಾಗ್ ಎತ್ತಿಕೊಳ್ಳಬೇಕಿಲ್ಲದ ಸಂದರ್ಭಗಳು

ವಿದೇಶದಿಂದ ಹೊರಟ ಅದೇ ವಿಮಾನ ಒಂದು ಭಾರತೀಯ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ಮುಂದಿನ ಊರಿಗೆ ಹೋಗುತ್ತಿದ್ದರೆ, ಮುಂದಿನ ಊರಿನವರನ್ನು ಸಾಮಾನ್ಯವಾಗಿ ವಿಮಾನದಲ್ಲೇ ಕೂರಿಸುತ್ತಾರೆ. ಅವರ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಕೊನೆಯ ಊರಿನಲ್ಲಿ. ಇದು ‘ಸ್ಟಾಪ್’. ವಿಮಾನ ಬದಲಾಯಿಸುವುದು ‘ಕನೆಕ್ಷನ್’. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಮಳೆಗಾಲದಲ್ಲಿ ಇನ್ನೊಂದು ಸಂದರ್ಭ ಬರುತ್ತದೆ. ಗುಡ್ಡದ ಮೇಲಿನ ಮಂಗಳೂರು ನಿಲ್ದಾಣದಲ್ಲಿ ಮಂಜು, ಮಳೆಯಿಂದ ರನ್‌ವೇ ಕಾಣದಿದ್ದರೆ ಗಲ್ಫ್‌ನಿಂದ ಬಂದ ವಿಮಾನವನ್ನು ಬೆಂಗಳೂರು ಅಥವಾ ಕೇರಳದ ನಿಲ್ದಾಣಕ್ಕೆ ತಿರುಗಿಸುತ್ತಾರೆ. ಆಗಲೂ ಸಾಮಾನ್ಯವಾಗಿ ಪ್ರಯಾಣಿಕರು ವಿಮಾನದಲ್ಲೇ ಇದ್ದು, ಹವಾಮಾನ ತಿಳಿಯಾದ ಮೇಲೆ ಮಂಗಳೂರಿಗೆ ಬಂದು ಅಲ್ಲಿಯೇ ಇಮಿಗ್ರೇಷನ್ ಮುಗಿಸುತ್ತಾರೆ.

ಈ ಎರಡೂ ಕಡೆ, ಅಥವಾ ನಿಮ್ಮ ಏರ್‌ಲೈನ್ ಬೇರೆ ವಿಶೇಷ ವ್ಯವಸ್ಥೆ ಮಾಡಿದ್ದರೆ, ಸಿಬ್ಬಂದಿಯೇ ಸ್ಪಷ್ಟವಾಗಿ ಹೇಳುತ್ತಾರೆ. ಯಾರೂ ಏನೂ ಹೇಳದಿದ್ದರೆ ಬೆಲ್ಟ್ ಬಳಿ ನಿಂತು ಬ್ಯಾಗ್ ಎತ್ತಿಕೊಳ್ಳಿ.

ಇಳಿದ ಮೇಲೆ ಏನು ಮಾಡಬೇಕು? ಹಂತ ಹಂತವಾಗಿ

1. ‘ಅರೈವಲ್ಸ್’ ಬೋರ್ಡ್ ಹಿಂದೆಯೇ ನಡೆಯಿರಿ. ‘ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್’ ಎಂಬ ಬೋರ್ಡ್ ಕಂಡರೆ ಅದು ನಿಮಗಲ್ಲ. ಭಾರತಕ್ಕೆ ಪ್ರವೇಶಿಸದೆ ಇನ್ನೊಂದು ದೇಶಕ್ಕೆ ಹೋಗುವವರ ದಾರಿ ಅದು.

2. ಇಮಿಗ್ರೇಷನ್. ಪಾಸ್‌ಪೋರ್ಟ್ ಕೈಯಲ್ಲಿರಲಿ. ಭಾರತೀಯರಿಗೂ ವಿದೇಶಿಯರಿಗೂ ಬೇರೆ ಬೇರೆ ಸಾಲು ಇರುತ್ತದೆ. ಭಾರತೀಯ ಪಾಸ್‌ಪೋರ್ಟ್ ಇರುವವರು ಬರುವಾಗ ಕಾಗದದ ಇಮಿಗ್ರೇಷನ್ ಕಾರ್ಡ್ ತುಂಬುವ ಪದ್ಧತಿ ನಿಂತು ಹಲವು ವರ್ಷಗಳಾಗಿವೆ.

3. ಬೆಲ್ಟ್. ಪರದೆಯಲ್ಲಿ ನಿಮ್ಮ ವಿಮಾನದ ನಂಬರ್ ನೋಡಿ ಬ್ಯಾಗ್ ಎತ್ತಿಕೊಳ್ಳಿ. ಒಂದೇ ಬಣ್ಣದ ಬ್ಯಾಗ್‌ಗಳು ಹತ್ತಾರು ಬರುತ್ತವೆ, ಟ್ಯಾಗ್ ನಂಬರ್ ಹೋಲಿಸಿ ನೋಡಿ. ಬ್ಯಾಗ್ ಬರಲೇ ಇಲ್ಲ ಎಂದಾದರೆ ಆ ಹಾಲ್ ಬಿಟ್ಟು ಹೋಗುವ ಮೊದಲೇ ಏರ್‌ಲೈನ್ ಕೌಂಟರ್‌ನಲ್ಲಿ ದೂರು ಕೊಟ್ಟು, ಪಿಐಆರ್ ಎಂಬ ಚೀಟಿ ಪಡೆಯಿರಿ. ‘ಮಂಗಳೂರಿಗೆ ಹೋಗಿರಬಹುದು’ ಎಂದು ಊಹಿಸಿ ಹೊರಟುಬಿಡಬೇಡಿ.

4. ಕಸ್ಟಮ್ಸ್. ಸುಂಕ ಕಟ್ಟಬೇಕಾದ ವಸ್ತು ಇಲ್ಲದಿದ್ದರೆ ಹಸಿರು ಚಾನೆಲ್, ಇದ್ದರೆ ಅಥವಾ ಅನುಮಾನವಿದ್ದರೆ ಕೆಂಪು ಚಾನೆಲ್. ಹಸಿರಿನಲ್ಲಿ ನಡೆದು ಹೋಗುವುದೆಂದರೆ ‘ನನ್ನ ಬಳಿ ಏನೂ ಇಲ್ಲ’ ಎಂದು ಹೇಳಿದಂತೆಯೇ.

5. ಬ್ಯಾಗ್ ಮತ್ತೆ ಕೊಡುವುದು. ದೊಡ್ಡ ನಿಲ್ದಾಣಗಳಲ್ಲಿ ಕಸ್ಟಮ್ಸ್ ದಾಟಿದ ಕೂಡಲೇ ಕೆಲವು ಏರ್‌ಲೈನ್‌ಗಳ ಟ್ರಾನ್ಸ್‌ಫರ್ ಕೌಂಟರ್ ಇರುತ್ತದೆ. ಒಂದೇ ಟಿಕೆಟ್‌ನಲ್ಲಿ ಬಂದವರು ಅಲ್ಲಿಯೇ ಬ್ಯಾಗ್ ಕೊಡಬಹುದು. ಹಳೆಯ ಟ್ಯಾಗ್ ಕಿತ್ತು ಹಾಕಬೇಡಿ, ಅಲ್ಲಿನ ಸಿಬ್ಬಂದಿಗೆ ಅದು ಬೇಕಾಗುತ್ತದೆ. ಕೌಂಟರ್ ಇದೆಯೇ ಎಂದು ಹೊರಬಾಗಿಲು ದಾಟುವ ಮೊದಲೇ ಕೇಳಿ. ಒಮ್ಮೆ ಹೊರಗೆ ಬಂದರೆ ಅರೈವಲ್ ಹಾಲ್‌ಗೆ ಮತ್ತೆ ಬಿಡುವುದಿಲ್ಲ.

6. ದೇಶೀಯ ಸೆಕ್ಯುರಿಟಿ. ಟಿಕೆಟ್ ಮತ್ತು ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗಿ, ಮತ್ತೊಮ್ಮೆ ತಪಾಸಣೆ ಮಾಡಿಸಿಕೊಂಡು ಗೇಟ್‌ಗೆ ನಡೆಯಿರಿ. ದುಬೈಯಲ್ಲೇ ಎರಡೂ ಬೋರ್ಡಿಂಗ್ ಪಾಸ್ ಕೊಟ್ಟಿದ್ದರೂ ಮೇಲಿನ ಯಾವ ಹಂತವೂ ತಪ್ಪುವುದಿಲ್ಲ.

ನಿಲ್ದಾಣ ಒಂದೇ, ಟರ್ಮಿನಲ್ ಬೇರೆ

ಬೆಂಗಳೂರು ಕೆಂಪೇಗೌಡ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳು ಟರ್ಮಿನಲ್ 2ಕ್ಕೆ ಬರುತ್ತಿವೆ. ದೇಶೀಯ ವಿಮಾನಗಳು ಮಾತ್ರ ಎರಡು ಟರ್ಮಿನಲ್‌ಗಳಿಗೆ ಹಂಚಿಹೋಗಿವೆ. ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಸ್ಟಾರ್ ಏರ್‌ಗಳದು ಟರ್ಮಿನಲ್ 2, ಇಂಡಿಗೋ ದೇಶೀಯ ವಿಮಾನಗಳದು ಟರ್ಮಿನಲ್ 1 ಎಂಬ ಹಂಚಿಕೆ ಆಗಿನಿಂದ ಬಂದದ್ದು. ಅಂದರೆ ಇಂಡಿಗೋದಲ್ಲೇ ದುಬೈಯಿಂದ ಬಂದು ಇಂಡಿಗೋದಲ್ಲೇ ಮಂಗಳೂರಿಗೆ ಹೋಗುವವರೂ ಟರ್ಮಿನಲ್ ಬದಲಾಯಿಸಬೇಕಾಗಬಹುದು. ಎರಡರ ನಡುವೆ ಉಚಿತ ಶಟಲ್ ಬಸ್ ಇದೆ. ‘ದೂರ ಇದೆ ಸಾರ್, ಟ್ಯಾಕ್ಸಿ ಮಾಡಿ’ ಎನ್ನುವವರ ಮಾತಿಗೆ ಮರುಳಾಗಬೇಡಿ.

ಮುಂಬೈಯಲ್ಲಿ ಲೆಕ್ಕ ಬೇರೆ. ಅಲ್ಲಿ ವಿದೇಶಿ ವಿಮಾನ ಇಳಿಯುವುದು ಟರ್ಮಿನಲ್ 2ರಲ್ಲಿ. ನಿಮ್ಮ ದೇಶೀಯ ವಿಮಾನ ಸಾಂತಾಕ್ರೂಜ್ ಕಡೆಯ ಟರ್ಮಿನಲ್ 1ರಿಂದ ಹೊರಡುವುದಾದರೆ ಊರಿನ ರಸ್ತೆಯಲ್ಲೇ ಕೆಲವು ಕಿಲೋಮೀಟರ್ ಹೋಗಬೇಕು. ಮಳೆಗಾಲದ ಸಂಜೆ ಅಲ್ಲಿನ ಟ್ರಾಫಿಕ್ ಹೇಗಿರುತ್ತದೆ ಎಂದು ಹೇಳಬೇಕಿಲ್ಲ.

ಏರ್‌ಲೈನ್‌ಗಳು ಟರ್ಮಿನಲ್ ಬದಲಾಯಿಸುತ್ತಲೇ ಇರುತ್ತವೆ. ಹಳೆಯ ಫಾರ್ವರ್ಡ್ ಅಥವಾ ಕಳೆದ ವರ್ಷ ಹೋಗಿ ಬಂದವರ ನೆನಪನ್ನು ನಂಬಬೇಡಿ. ಹೊರಡುವ ಹಿಂದಿನ ದಿನ ಟಿಕೆಟ್‌ನಲ್ಲಿ ‘ಟಿ1’ ಇದೆಯೋ ‘ಟಿ2’ ಇದೆಯೋ ನೋಡಿಕೊಳ್ಳಿ.

ಎರಡು ಗಂಟೆ ಗ್ಯಾಪ್ ಸಾಕೇ?

ಲೆಕ್ಕ ಹಾಕಿ ನೋಡೋಣ. ವಿಮಾನ ಬೆಳಿಗ್ಗೆ 6 ಗಂಟೆಗೆ ಇಳಿಯುತ್ತದೆ, ಮಂಗಳೂರು ವಿಮಾನ 8ಕ್ಕೆ ಎಂದುಕೊಳ್ಳಿ. ಕೇಳಲು ಎರಡು ಗಂಟೆ. ಆದರೆ ದೇಶೀಯ ವಿಮಾನಕ್ಕೆ ಬ್ಯಾಗ್ ತೆಗೆದುಕೊಳ್ಳುವ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಅಂದರೆ ನಿಮ್ಮ ಗಡುವು 8 ಅಲ್ಲ, 7.

6ಕ್ಕೆ ನೆಲ ಮುಟ್ಟಿದ ವಿಮಾನ ನಿಂತು, ಬಾಗಿಲು ತೆರೆದು, ನೀವು ಇಳಿಯುವಾಗ 6.20. ಇಮಿಗ್ರೇಷನ್ ಸಾಲಿನಲ್ಲಿ ಅರ್ಧ ಗಂಟೆ, 6.50. ಬ್ಯಾಗ್ ಸಿಗುವಾಗ 7.10. ಕಸ್ಟಮ್ಸ್ ದಾಟಿ, ಬಸ್ ಹಿಡಿದು, ಇನ್ನೊಂದು ಟರ್ಮಿನಲ್ ಬಾಗಿಲು ಮುಟ್ಟುವಾಗ 7.45. ಕೌಂಟರ್ ಮುಚ್ಚಿ ಮುಕ್ಕಾಲು ಗಂಟೆ ಆಗಿರುತ್ತದೆ. ಇದರಲ್ಲಿ ಎಲ್ಲಿಯೂ ತಡವಾಗಿಲ್ಲ, ಎಲ್ಲವೂ ಸರಿಯಾಗಿಯೇ ನಡೆದಿದೆ. ವಿಮಾನವೇ ಒಂದು ಗಂಟೆ ತಡವಾಗಿ ಬಂದರೆ?

ಆದ್ದರಿಂದ ಒಂದೇ ಟಿಕೆಟ್ ಇದ್ದರೆ ಕನಿಷ್ಠ 3 ಗಂಟೆ, ಎರಡು ಬೇರೆ ಟಿಕೆಟ್ ಇದ್ದರೆ 5 ಗಂಟೆ ಅಂತರ ಇಟ್ಟುಕೊಳ್ಳುವುದು ಜಾಣತನ. ನಡುರಾತ್ರಿಯಿಂದ ನಸುಕಿನವರೆಗೆ ಹಲವು ವಿದೇಶಿ ವಿಮಾನಗಳು ಒಟ್ಟಿಗೆ ಬರುವುದರಿಂದ ಆ ಹೊತ್ತಿನಲ್ಲಿ ಸಾಲು ಇನ್ನೂ ಉದ್ದ.

ಒಂದೇ ಟಿಕೆಟ್, ಎರಡು ಟಿಕೆಟ್: ವ್ಯತ್ಯಾಸ ಏನು?

ಸ್ವಲ್ಪ ಹಣ ಉಳಿಯುತ್ತದೆ ಎಂದು ದುಬೈ–ಬೆಂಗಳೂರು ಒಂದು ಕಡೆ, ಬೆಂಗಳೂರು–ಮಂಗಳೂರು ಇನ್ನೊಂದು ಕಡೆ ಬುಕ್ ಮಾಡುವವರು ಬಹಳ. ಬೆಲೆ ನೋಡುವಾಗ ಎರಡು ವಿಷಯ ಸೇರಿಸಿ ಲೆಕ್ಕ ಹಾಕಿ.

ಮೊದಲನೆಯದು, ವಿಮಾನ ತಪ್ಪಿದರೆ. ಎರಡೂ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿದ್ದು, ಮೊದಲ ವಿಮಾನ ತಡವಾಗಿದ್ದರಿಂದ ಎರಡನೆಯದು ತಪ್ಪಿದರೆ, ಮುಂದಿನ ವಿಮಾನದಲ್ಲಿ ಸೀಟು ಕೊಡಿಸುವುದು ಸಾಮಾನ್ಯವಾಗಿ ಏರ್‌ಲೈನ್ ಹೊಣೆ. ಬೇರೆ ಬೇರೆ ಟಿಕೆಟ್ ಆದರೆ ಎರಡನೆಯ ಏರ್‌ಲೈನ್ ಲೆಕ್ಕದಲ್ಲಿ ನೀವು ‘ಬರಲೇ ಇಲ್ಲ’. ಹೊಸ ಟಿಕೆಟ್ ನಿಮ್ಮ ಜೇಬಿನಿಂದಲೇ, ಅದೂ ಆ ದಿನದ ದರದಲ್ಲಿ.

ಎರಡನೆಯದು, ತೂಕ. ಗಲ್ಫ್‌ನಿಂದ 30 ಕೆ.ಜಿ. ತಂದವರು ಒಂದೇ ಟಿಕೆಟ್‌ನಲ್ಲಿದ್ದರೆ ಸಾಮಾನ್ಯವಾಗಿ ಅದೇ ಮಿತಿ ಕೊನೆಯವರೆಗೂ ನಡೆಯುತ್ತದೆ. ಪ್ರತ್ಯೇಕ ದೇಶೀಯ ಟಿಕೆಟ್‌ನಲ್ಲಿ ಸಿಗುವುದು ಹೆಚ್ಚಾಗಿ 15 ಕೆ.ಜಿ. ಮಾತ್ರ. ಉಳಿದ ಪ್ರತಿ ಕೆ.ಜಿ.ಗೂ ಕೌಂಟರ್‌ನಲ್ಲಿ ಹಣ ಕಟ್ಟಬೇಕು. ಟಿಕೆಟ್‌ನಲ್ಲಿ ಉಳಿಸಿದ್ದು ಅಲ್ಲಿಯೇ ಹೋಗುತ್ತದೆ. ಎರಡು ಟಿಕೆಟ್ ಅನಿವಾರ್ಯವಾದರೆ ಹೆಚ್ಚುವರಿ ತೂಕವನ್ನು ಮೊದಲೇ ಆನ್‌ಲೈನ್‌ನಲ್ಲಿ ಖರೀದಿಸಿ, ಕೌಂಟರ್ ದರಕ್ಕಿಂತ ಕಡಿಮೆ ಬೀಳುತ್ತದೆ.

ಜೊತೆಗೆ ಓಡಾಡುವ ಇನ್ನೂ ಕೆಲವು ಮಾತುಗಳು

‘ಡಿಜಿ ಯಾತ್ರಾ ಇದ್ದರೆ ಇಮಿಗ್ರೇಷನ್ ಸಾಲು ಇಲ್ಲ.’ ತಪ್ಪು. ಡಿಜಿ ಯಾತ್ರಾ ಇರುವುದು ದೇಶೀಯ ಪ್ರಯಾಣದಲ್ಲಿ ನಿಲ್ದಾಣದ ಒಳಗೆ ಹೋಗಲು ಮತ್ತು ಸೆಕ್ಯುರಿಟಿ ಕಡೆಗೆ ಸಾಗಲು. ಇಮಿಗ್ರೇಷನ್‌ಗೆ ಬೇರೆಯೇ ವ್ಯವಸ್ಥೆ ಇದೆ. ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ – ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ’ 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ, 2025ರ ಜನವರಿಯಲ್ಲಿ ಬೆಂಗಳೂರು, ಮುಂಬೈ, ಕೊಚ್ಚಿ ಸೇರಿ ಇನ್ನೂ ಏಳು ನಿಲ್ದಾಣಗಳಿಗೆ ಬಂತು. ಭಾರತೀಯ ನಾಗರಿಕರು ಮತ್ತು ಒಸಿಐ ಕಾರ್ಡ್ ಇರುವವರು ಮೊದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಬೆರಳಚ್ಚು ಮತ್ತು ಮುಖದ ಚಿತ್ರ ಕೊಟ್ಟರೆ, ಸ್ವಯಂಚಾಲಿತ ಗೇಟ್ ಮೂಲಕ ಬೇಗ ಹೋಗಬಹುದು. ಆಗಾಗ ಬಂದು ಹೋಗುವವರಿಗೆ ಬಹಳ ಉಪಯೋಗ.

‘ಬಂಗಾರವನ್ನು ಊರಿಗೆ ಹೋಗಿ ತೋರಿಸಿದರಾಯಿತು.’ ತಪ್ಪು. ತೋರಿಸಬೇಕಾದದ್ದು ಮೊದಲು ಇಳಿದ ನಿಲ್ದಾಣದ ಕೆಂಪು ಚಾನೆಲ್‌ನಲ್ಲಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಮರಳುವ ಮಹಿಳೆಯರಿಗೆ 40 ಗ್ರಾಂ, ಪುರುಷರಿಗೆ 20 ಗ್ರಾಂವರೆಗಿನ ಆಭರಣಕ್ಕೆ ಸುಂಕ ವಿನಾಯಿತಿ ಇದೆ. ಇದು ಆಭರಣಕ್ಕೆ ಮಾತ್ರ, ನಾಣ್ಯ ಮತ್ತು ಬಿಸ್ಕೆಟ್‌ಗೆ ಇಲ್ಲ. ಬೆಲೆಗೆ ಸಂಬಂಧಿಸಿದ ಮಿತಿಗಳನ್ನು ಸರ್ಕಾರ ಬದಲಾಯಿಸುತ್ತಿರುತ್ತದೆ. ಬಂಗಾರ ಕೊಳ್ಳುವ ಮೊದಲು ಕಸ್ಟಮ್ಸ್ ಇಲಾಖೆಯ ವೆಬ್‌ಸೈಟ್ ನೋಡಿ. ಬೇರೆಯವರ ಬಂಗಾರ, ಬೇರೆಯವರ ಪೊಟ್ಟಣ ಎಷ್ಟೇ ಪರಿಚಯದವರದಾದರೂ ತರಬೇಡಿ.

‘ಡ್ಯೂಟಿ ಫ್ರೀ ಬಾಟಲಿ ಕೈಯಲ್ಲೇ ಹಿಡಿದುಕೊಂಡು ಹೋಗಬಹುದು.’ ಎರಡನೆಯ ವಿಮಾನದ ಸೆಕ್ಯುರಿಟಿಯಲ್ಲಿ ಇದು ತಕರಾರಿಗೆ ದಾರಿ. ಹೇಗೂ ಬ್ಯಾಗ್ ನಿಮ್ಮ ಕೈಗೆ ಬಂದಿರುತ್ತದೆ. ಮತ್ತೆ ಕೊಡುವ ಮೊದಲು ಬಾಟಲಿ, ಸುಗಂಧದ್ರವ್ಯಗಳನ್ನು ಬಟ್ಟೆಯ ನಡುವೆ ಇಟ್ಟು ಬೀಗ ಹಾಕಿ. ಮದ್ಯಕ್ಕೆ ಸುಂಕವಿಲ್ಲದ ಮಿತಿ ಒಬ್ಬರಿಗೆ 2 ಲೀಟರ್. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ. ಅದು ಯಾವಾಗಲೂ ಕೈಬ್ಯಾಗ್‌ನಲ್ಲೇ ಇರಬೇಕು, ಚೆಕ್-ಇನ್ ಬ್ಯಾಗ್‌ಗೆ ಹಾಕುವಂತಿಲ್ಲ.

‘ವೀಲ್‌ಚೇರ್ ಬೇಕೆಂದರೆ ಅಲ್ಲೇ ಕೇಳಿದರಾಯಿತು.’ ಕೇಳಬಹುದು, ಆದರೆ ಕಾಯಬೇಕಾದೀತು. ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮೊದಲು ಏರ್‌ಲೈನ್‌ಗೆ ತಿಳಿಸಿ. ಎರಡು ಟಿಕೆಟ್ ಇದ್ದರೆ ಎರಡೂ ಏರ್‌ಲೈನ್‌ಗೆ ಬೇರೆ ಬೇರೆಯಾಗಿ ಹೇಳಬೇಕು. ಭಾಷೆ ಗೊತ್ತಿಲ್ಲದ ಹಿರಿಯರು ಒಬ್ಬರೇ ಬರುತ್ತಿದ್ದರೆ ಈ ಸೇವೆ ದೊಡ್ಡ ಆಸರೆ. ಜೊತೆಗೆ ಬರುವ ಸಿಬ್ಬಂದಿಗೆ ಎಲ್ಲ ಹಂತಗಳೂ ಗೊತ್ತಿರುತ್ತವೆ.

ಮಂಗಳೂರಿಗೇ ನೇರ ವಿಮಾನ ಇದ್ದರೆ?

ಆಗ ಮಂಗಳೂರೇ ನಿಮ್ಮ ಮೊದಲ ನಿಲ್ದಾಣ. 1951ರ ಡಿಸೆಂಬರ್ 25ರಂದು ಬಜ್ಪೆಯಲ್ಲಿ ಶುರುವಾದ ಈ ನಿಲ್ದಾಣದಿಂದ ಗಲ್ಫ್‌ಗೆ ನೇರ ವಿಮಾನ ಬಂದದ್ದು 2006ರಲ್ಲಿ. ‘ಅಂತಾರಾಷ್ಟ್ರೀಯ’ ಸ್ಥಾನಮಾನ ಸಿಕ್ಕಿದ್ದು 2012ರಲ್ಲಿ. ಇಲ್ಲಿ ವಿದೇಶಿ ಮತ್ತು ದೇಶೀಯ ಪ್ರಯಾಣಿಕರಿಗೆ ಒಂದೇ ಕಟ್ಟಡ. ದುಬೈಯಿಂದ ಮಂಗಳೂರಿಗೆ ಬಂದು ಬೆಂಗಳೂರಿಗೋ ಮುಂಬೈಗೋ ಹೋಗುವವರು ಇಲ್ಲಿಯೇ ಇಮಿಗ್ರೇಷನ್, ಬ್ಯಾಗ್, ಕಸ್ಟಮ್ಸ್ ಮುಗಿಸಿ, ಅದೇ ಕಟ್ಟಡದ ಡಿಪಾರ್ಚರ್ ಬಾಗಿಲಿಗೆ ಹೋಗಬೇಕು. ಟರ್ಮಿನಲ್ ಬದಲಾಯಿಸುವ ಓಡಾಟ ಇಲ್ಲ. ದರ ಸ್ವಲ್ಪ ಹೆಚ್ಚಾದರೂ ವಯಸ್ಸಾದವರಿಗೆ, ಚಿಕ್ಕ ಮಕ್ಕಳಿರುವವರಿಗೆ ನೇರ ವಿಮಾನವೇ ಒಳ್ಳೆಯದು ಎನ್ನುವುದು ಇದಕ್ಕೇ.

ಕೊನೆಯದಾಗಿ ಒಂದು ಮಾತು. ವಿದೇಶದ ಸಿಮ್ ಇಲ್ಲಿ ಕೆಲಸ ಮಾಡದೆ, ವೈಫೈ ಒಟಿಪಿಯೂ ಬಾರದೆ ಪರದಾಡುವುದು ಸಾಮಾನ್ಯ. ದೇಶೀಯ ಟಿಕೆಟ್‌ನ ಪಿಡಿಎಫ್ ಅನ್ನು ಮೊದಲೇ ಫೋನ್‌ನಲ್ಲಿ ಇಳಿಸಿಟ್ಟುಕೊಳ್ಳಿ, ಸಾಧ್ಯವಾದರೆ ಒಂದು ಪ್ರಿಂಟ್ ಕೈಬ್ಯಾಗ್‌ನಲ್ಲಿರಲಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

✅ ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್, ಬ್ಯಾಗ್, ಕಸ್ಟಮ್ಸ್. ಟ್ಯಾಗ್ ಮೇಲೆ ಯಾವ ಊರಿದ್ದರೂ ಬೆಲ್ಟ್ ಬಳಿ ನಿಲ್ಲಿ.
✅ ಹೊರಬಾಗಿಲು ದಾಟುವ ಮೊದಲು ಟ್ರಾನ್ಸ್‌ಫರ್ ಕೌಂಟರ್ ಕೇಳಿ.
✅ ದೇಶೀಯ ವಿಮಾನ ಟಿ1ರಿಂದಲೋ ಟಿ2ರಿಂದಲೋ, ಹಿಂದಿನ ದಿನವೇ ನೋಡಿ.
✅ ಗಡುವು ವಿಮಾನ ಹೊರಡುವ ಸಮಯವಲ್ಲ, ಅದಕ್ಕೆ 60 ನಿಮಿಷ ಮೊದಲು.
✅ ಒಂದೇ ಟಿಕೆಟ್‌ಗೆ 3 ಗಂಟೆ, ಎರಡು ಟಿಕೆಟ್‌ಗೆ 5 ಗಂಟೆ ಅಂತರ.
✅ ಸುಂಕದ ವಸ್ತು ಇದ್ದರೆ, ಅನುಮಾನ ಇದ್ದರೂ, ಕೆಂಪು ಚಾನೆಲ್.

ಈ ತಿಂಗಳು ಊರಿಗೆ ಬರುವವರು ನಿಮ್ಮ ಮನೆಯಲ್ಲಿದ್ದರೆ, ಅವರು ವಿಮಾನ ಹತ್ತುವ ಮೊದಲೇ ಇದನ್ನು ಕಳಿಸಿ.